ಕಾಲು ಮುರಿಯದ ಮರದ ಎತ್ತು ಮಾಡುವುದು ಹೇಗೆ

ಮರದಲ್ಲಿ ಪ್ರಾಣಿ ಕೆತ್ತಲು ಹೊರಟವರು ಮೊದಲು ಮಾಡುವುದು ಒಂದೇ ಕೆಲಸ. ದಪ್ಪನೆಯ ತುಂಡೊಂದನ್ನು ತರುತ್ತಾರೆ. ಅದರ ಮೇಲೆ ಪೆನ್ಸಿಲ್‌ನಲ್ಲಿ ಎತ್ತು ಬರೆಯುತ್ತಾರೆ. ಬೇಡದ್ದನ್ನೆಲ್ಲ ತೆಗೆಯುತ್ತಾ ಹೋಗುತ್ತಾರೆ. ಬೆನ್ನು ಬರುತ್ತದೆ, ಹೊಟ್ಟೆ ಬರುತ್ತದೆ. ಕಾಲಿನ ಹತ್ತಿರ ಬಂದಾಗ ಟಕ್ ಅಂತ ಸದ್ದು. ಕಾಲು ಕೈಗೆ ಬಂತು. "ಮರ ಸರಿಯಿಲ್ಲ ಕಣ್ರೀ" ಅಂತ ನನ್ನ ಅಂಗಡಿಗೆ ಬರುತ್ತಾರೆ. ಮರ ಸರಿಯಾಗೇ ಇರುತ್ತದೆ. ಎಳೆ ಅಡ್ಡ ಬಿದ್ದಿರುತ್ತದೆ, ಅಷ್ಟೇ.

ನಾನು ಬಡಿಗ. ಕೊಪ್ಪಳದ ಕಡೆಯವನು. ಬಾಗಿಲು, ಕಿಟಕಿ, ಮಂಚ ನನ್ನ ಹೊಟ್ಟೆಪಾಡು. ಕಿನ್ನಾಳ ನಮಗೆ ಹತ್ತಿರದ ಊರು. ಅಲ್ಲಿನ ಚಿತ್ರಗಾರರು ದೇವರ ವಾಹನ, ಗೌರಿ, ಆನೆ, ಎತ್ತು, ಹಣ್ಣು, ತರಕಾರಿ ಎಲ್ಲವನ್ನೂ ಮರದಲ್ಲಿ ಮಾಡುತ್ತಾರೆ. ಅವರ ಜಗಲಿಯಲ್ಲಿ ಕೂತು, ನೋಡಿ, ಕೇಳಿ, ಒಂದಿಷ್ಟು ಬೈಸಿಕೊಂಡು ಕಲಿತ ಕೆಲಸ ಇದು. ಅವರ ಕುಂಚದ ನಯ ನನಗೆ ಬಂದಿಲ್ಲ, ಬರುವುದೂ ಇಲ್ಲ. ಆದರೆ ಅವರು ಮರವನ್ನು ಯಾಕೆ ಹಾಗೆ ಕತ್ತರಿಸಿ ಜೋಡಿಸುತ್ತಾರೆ ಅನ್ನುವುದು ಬಡಿಗನಿಗೆ ಬೇಗ ತಿಳಿಯುತ್ತದೆ.

ಮರಕ್ಕೆ ಉದ್ದುದ್ದ ಎಳೆ ಇರುತ್ತದೆ. ಎಳೆಯ ಉದ್ದಕ್ಕೆ ಕಡ್ಡಿ ತೆಗೆದರೆ ಬಗ್ಗುತ್ತದೆ, ಬೇಗ ಮುರಿಯುವುದಿಲ್ಲ. ಎಳೆಗೆ ಅಡ್ಡವಾಗಿ ತೆಗೆದರೆ ಬೆರಳಲ್ಲಿ ಒತ್ತಿದರೂ ಮುರಿಯುತ್ತದೆ. ಎತ್ತಿನ ಮೈ ಮಲಗಿದ ಹಾಗಿದೆ, ಕಾಲು ನಿಂತ ಹಾಗಿದೆ, ಕೋಡು ಮತ್ತೊಂದು ದಿಕ್ಕಿಗೆ. ಒಂದೇ ತುಂಡಿನಲ್ಲಿ ಈ ಮೂರಕ್ಕೂ ಎಳೆ ಸರಿಹೋಗುವುದು ಹೇಗೆ? ಆಗುವುದಿಲ್ಲ. ಅದಕ್ಕೇ ಕಿನ್ನಾಳದವರು ಮೈ ಬೇರೆ, ಕಾಲು ಬೇರೆ, ತಲೆ ಬೇರೆ, ಕೋಡು ಬೇರೆ ಮಾಡಿ ಅಂಟಿಸುತ್ತಾರೆ. ಮೇಲೆ ಬಟ್ಟೆ, ಮರದ ಹೊಟ್ಟಿನ ಮೆತ್ತು, ಬಣ್ಣ ಬಂದಾಗ ಎಲ್ಲಿ ಸೇರಿಸಿದ್ದು ಅಂತ ಹುಡುಕಿದರೂ ಸಿಗುವುದಿಲ್ಲ. ಉಳಿ ಅರ್ಧ ಪ್ರಾಣಿಯನ್ನು ಮಾಡುತ್ತದೆ. ಉಳಿದರ್ಧ ಮಾಡುವುದು ಹುಣಸೆ ಬೀಜದ ಅಂಟು.

ಒಂದೇ ತುಂಡಿನಲ್ಲೇ ಮಾಡಬೇಕು ಅನ್ನುವ ಹಟ ಇದ್ದರೆ ಸ್ವೀಡನ್ನಿನ ಡಾಲಾ ಕುದುರೆಯ ಚಿತ್ರ ನೋಡಿ. ಪೈನ್ ಮರದ ಒಂದೇ ತುಂಡು. ಕಾಲು ಗಿಡ್ಡ ಮತ್ತು ದಪ್ಪ, ಬಾಲ ಹೊರಗೆ ಚಾಚುವುದಿಲ್ಲ. ಮುರಿಯಬಹುದಾದ್ದನ್ನೆಲ್ಲ ಮೊದಲೇ ಬಿಟ್ಟುಬಿಟ್ಟಿದ್ದಾರೆ. ಅದೂ ಜಾಣತನವೇ. ಆದರೆ ನಮ್ಮ ಎತ್ತಿಗೆ ಕೋಡು ಇಲ್ಲದಿದ್ದರೆ ಏನು ಚೆಂದ?

ಮೊದಲು ಮಣ್ಣಿನಲ್ಲಿ ಮಾಡಿ

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಎತ್ತು ಮಾಡುತ್ತಾರೆ. ಅದೇ ಮಣ್ಣು, ಅದೇ ಕೈ. ಕಾಗದದ ಮೇಲೆ ಬರೆದ ಎತ್ತಿಗೆ ಒಂದೇ ಪಕ್ಕ. ಮಣ್ಣಿನ ಎತ್ತನ್ನು ತಿರುಗಿಸಿ, ಮೇಲಿಂದ, ಮುಂದಿನಿಂದ ನೋಡಬಹುದು. ಮೈ 5 ಇಂಚು ಉದ್ದ ಇಟ್ಟುಕೊಳ್ಳಿ. ಇದಕ್ಕಿಂತ ಚಿಕ್ಕದಾದರೆ ಮುಖ ಕೆತ್ತಲು ಆಗುವುದಿಲ್ಲ. ತುಂಬಾ ದೊಡ್ಡದಾದರೆ ಮೆತ್ತು ಒಣಗಲು ವಾರಗಟ್ಟಲೆ ಬೇಕು.

ಕಣ್ಣೆದುರಿಗೆ ದನ ಇದ್ದರೂ ನಾವು ನೋಡಿರುವುದಿಲ್ಲ. ಇಣಿ, ಅಂದರೆ ಡುಬ್ಬ, ಇರುವುದು ಮುಂಗಾಲಿನ ನೇರಕ್ಕೆ, ಹೆಗಲ ಮೇಲೆ. ಬೆನ್ನಿನ ನಡುವೆ ಇಟ್ಟರೆ ಒಂಟೆ ಆಗುತ್ತದೆ. ಕಣ್ಣು ತಲೆಯ ಪಕ್ಕದಲ್ಲಿ. ಮುಂದಕ್ಕೆ ತಂದರೆ ನಾಯಿ ಆಗುತ್ತದೆ. ಕಿವಿ ಕೋಡಿನ ಕೆಳಗೆ, ಅಡ್ಡಕ್ಕೆ ಚಾಚಿರುತ್ತದೆ. ಮೇಲಕ್ಕೆ ನಿಲ್ಲಿಸಿದರೆ ಕುದುರೆ. ಹಿಂಗಾಲಿಗೆ ನಡುವೆ ಒಂದು ಮಡಿಕೆ ಇದೆ, ಅದು ಹಿಂದಕ್ಕೆ ಬಾಗಿರುತ್ತದೆ. ನಾಲ್ಕೂ ಕಾಲನ್ನು ಕಂಬ ಮಾಡಿದರೆ ಮೇಜು ಆಗುತ್ತದೆ, ಎತ್ತಲ್ಲ.

ಕೋಡು ಯಾವ ತಳಿಯದು ಅಂತಲೂ ಮೊದಲೇ ತೀರ್ಮಾನ ಮಾಡಿ. ಹಳ್ಳಿಕಾರ್ ಆದರೆ ಕೋಡು ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುತ್ತದೆ. ಖಿಲಾರಿಯದೂ ಉದ್ದ ಕೋಡು, ಹಿಂದಕ್ಕೆ ಬಾಗಿ ಮೇಲೇಳುತ್ತದೆ. ಕೃಷ್ಣಾ ಕಣಿವೆಯ ಎತ್ತಿಗೆ ಮೈ ಭಾರ, ಕೋಡು ಗಿಡ್ಡ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಗಿಡ್ಡ ಕೋಡು ಮಾಡಲು ಸುಲಭ, ಮುರಿಯುವುದೂ ಕಡಿಮೆ.

ಕಾರ ಹುಣ್ಣಿಮೆಗೆ ಊರಲ್ಲಿ ಇದ್ದರೆ ಹೋಗಿ ನೋಡಿ. ಅವತ್ತು ಎತ್ತಿಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆಸರ, ಹಣೆಪಟ್ಟಿ, ಬೆನ್ನಿಗೆ ಹೊದಿಸುವ ಝೂಲು ಹಾಕಿ ನಿಲ್ಲಿಸಿರುತ್ತಾರೆ. ಮೊಬೈಲ್‌ನಲ್ಲಿ ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಫೋಟೋ ತೆಗೆದುಕೊಳ್ಳಿ. ಹಿಂದಿನಿಂದ ತೆಗೆಯುವಾಗ ಸ್ವಲ್ಪ ದೂರ ನಿಲ್ಲಿ.

ಮರ

ಕಿನ್ನಾಳದಲ್ಲಿ ಬಳಸುವುದು ಪೋಲ್ಕಿ ಮರ. ಬಿಳಿ, ತುಂಬಾ ಹಗುರ, ಉಳಿಗೆ ಸಲೀಸು. ಆಂಧ್ರದ ಕೊಂಡಪಲ್ಲಿ ಗೊಂಬೆಗೆ ಬಳಸುವ ತೆಲ್ಲ ಪೊಣಿಕಿಯೂ ಇದೇ. ಪೇಟೆಯಲ್ಲಿ ಇದು ಸಿಗುವುದು ಕಷ್ಟ, ಹುಡುಕುತ್ತಾ ಕೂರಬೇಡಿ. ಈಗ ಹೊಲದಲ್ಲಿ ಬೆಳೆಸುವ ಹೆಬ್ಬೇವು ಒಳ್ಳೆಯದು. ಮಲೆನಾಡಿನ ಕಡೆಯವರಿಗೆ ಸಿಲ್ವರ್ ಓಕ್ ಸಿಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಸಿಕ್ಕರೆ ಬಿಡಬೇಡಿ, ನುಣುಪಾಗಿ ಬರುತ್ತದೆ. (ಚನ್ನಪಟ್ಟಣದ್ದು ಯಂತ್ರದಲ್ಲಿ ತಿರುಗಿಸಿ ಕಡೆಯುವ ಕೆಲಸ, ಎಲ್ಲವೂ ದುಂಡಗೆ. ಇದು ಬೇರೆ.) ಏನೂ ಸಿಗದಿದ್ದರೆ ಯಂತ್ರದ ಸಾಮಾನು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತನ್ನಿ. ಗಂಟು ಇಲ್ಲದ ಕಡೆ ಕತ್ತರಿಸಿಕೊಳ್ಳಿ, ಮೊಳೆ ಉಳಿದಿದೆಯಾ ನೋಡಿ.

ತೇಗ ಬೇಡ. ದುಡ್ಡು ದಂಡ. ಹೇಗೂ ಮೇಲೆ ಬಣ್ಣ ಬರುತ್ತದಲ್ವಾ? ಜಾಲಿ, ಹುಣಸೆ ಎರಡೂ ಗಟ್ಟಿ, ಕೈ ನೋಯುತ್ತದೆ. ಬೂರುಗ ಉಲ್ಟಾ, ಮೆತ್ತಗೆ ಪಿಸಿಯುತ್ತದೆ. ಹಲಸಿನ ಮರದಲ್ಲಿ ತುಳುನಾಡಿನವರು ಭೂತಸ್ಥಾನಕ್ಕೆ ಹಂದಿ, ಹುಲಿ ಎಲ್ಲ ಕೆತ್ತಿದ್ದಾರೆ. ಆಳೆತ್ತರದ ಕೆಲಸಕ್ಕೆ ಅದು ಸರಿ. ಅಂಗೈ ಅಗಲದ ಎತ್ತಿಗೆ ಬೇಕಿಲ್ಲ.

ಯಾವ ಮರವಾದರೂ ಒಣಗಿರಬೇಕು. ಹಸಿ ಮರದಲ್ಲಿ ಕೆತ್ತಿದರೆ ಆಮೇಲೆ ಅದು ಕುಗ್ಗುತ್ತದೆ, ಮೇಲಿನ ಮೆತ್ತು ಸೀಳುತ್ತದೆ. ತುಂಡನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಹಸಿ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ, ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಹಸಿಯಾಗಿದ್ದರೆ ನೆರಳಿನಲ್ಲಿ ಇಡಿ, ಎರಡೂ ತುದಿಗೆ ಫೆವಿಕಾಲ್ ಅಥವಾ ಹಳೆ ಬಣ್ಣ ಬಳಿಯಿರಿ. ತುದಿಯಿಂದ ನೀರು ಬೇಗ ಆರಿದರೆ ಅಲ್ಲೇ ಸೀಳು ಬೀಳುವುದು.

ಸಾಮಾನು ಜಾಸ್ತಿ ಬೇಡ. ಸಣ್ಣ ಹಲ್ಲಿನ ಗರಗಸ, ಅರ್ಧ ಇಂಚಿನ ಚಪ್ಪಟೆ ಉಳಿ, ಕಾಲು ಇಂಚಿನ ಉಳಿ, ಒಂದು ಡೊಂಕು ಉಳಿ, ಗಟ್ಟಿ ಹಿಡಿಯ ಚೂರಿ, ಒಂದು ಕೊಡತಿ, ಅರ, ಕೈಯಲ್ಲಿ ತಿರುಗಿಸುವ ಡ್ರಿಲ್. ಹೊಸ ಉಳಿ ಅಂಗಡಿಯಿಂದ ಬಂದ ಹಾಗೆ ಕೆಲಸಕ್ಕೆ ಬರುವುದಿಲ್ಲ. ಸಾಣೆ ಕಲ್ಲಿನ ಮೇಲೆ ಹಿಡಿದು, ಮುಂಗೈ ಕೂದಲು ಹೆರೆಯುವ ತನಕ ಉಜ್ಜಿ. ಮೊಂಡು ಉಳಿಯೇ ಕೈ ಕುಯ್ಯುವುದು, ಏಕೆಂದರೆ ಜೋರು ಹಾಕುತ್ತೀರಿ, ಜಾರುತ್ತದೆ. ಕಿನ್ನಾಳದ ಹಿರಿಯರು ತುಂಡನ್ನು ಪಾದದಲ್ಲಿ ಒತ್ತಿ ಹಿಡಿದು ಕೆತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಮೇಜಿಗೆ ಕಚ್ಚಿಸುವ ಕ್ಲ್ಯಾಂಪ್ ತನ್ನಿ. ಎಡಗೈ ಯಾವಾಗಲೂ ಉಳಿಯ ಹಿಂದೆ.

ಮೈ ಮತ್ತು ತಲೆ

ಮೈಗೆ 5 ಇಂಚು ಉದ್ದ, ಎರಡೂವರೆ ಎತ್ತರ, 2 ಇಂಚು ದಪ್ಪದ ತುಂಡು. ಎಳೆ ಉದ್ದಕ್ಕೆ ಹೋಗಬೇಕು. ಎರಡೂ ಪಕ್ಕದಲ್ಲಿ ಮೈಯ ಗೆರೆ ಬರೆಯಿರಿ. ಕಾಗದದ ಅಚ್ಚು ಕತ್ತರಿಸಿ ಒಂದೇ ಅಚ್ಚನ್ನು ತಿರುಗಿಸಿ ಇಟ್ಟರೆ ಎರಡೂ ಪಕ್ಕ ಸರಿಸಮ ಬರುತ್ತದೆ. ಮೂಲೆಗಳನ್ನು ಗರಗಸದಲ್ಲಿ ತೆಗೆಯಿರಿ. ನಾಲ್ಕು ಮೂಲೆಯ ತುಂಡನ್ನು ಎಂಟು ಮೂಲೆ ಮಾಡಿ, ಆಮೇಲೆ ದುಂಡು ಮಾಡಿ. ನೇರವಾಗಿ ದುಂಡು ಮಾಡಲು ಹೋದರೆ ಒಂದು ಪಕ್ಕ ತೆಳ್ಳಗೆ, ಇನ್ನೊಂದು ಪಕ್ಕ ದಪ್ಪ ಆಗುತ್ತದೆ.

ಇಣಿ ಮತ್ತು ಹಿಂಭಾಗದ ನಡುವೆ ಬೆನ್ನು ಸ್ವಲ್ಪ ತಗ್ಗು. ಆ ತಗ್ಗನ್ನು ಒಂದೇ ದಿಕ್ಕಿನಿಂದ ಕೆತ್ತಬೇಡಿ. ಇಣಿಯ ಕಡೆಯಿಂದ ಇಳಿದು ತಗ್ಗಿಗೆ ಬಂದು ನಿಲ್ಲಿ. ಉಳಿ ಎತ್ತಿ, ತುಂಡು ತಿರುಗಿಸಿ, ಹಿಂದಿನಿಂದ ಇಳಿದು ಅದೇ ತಗ್ಗಿಗೆ ಬನ್ನಿ. ಇಳಿಯುವಾಗ ಉಳಿ ಹೆರೆಯುತ್ತದೆ, ಏರುವಾಗ ಸಿಗಿಯುತ್ತದೆ. ಏರುತ್ತಾ ಹೋದರೆ ಉಳಿಯ ಬಾಯಿ ಎಳೆಯೊಳಗೆ ಹೊಕ್ಕು ದೊಡ್ಡ ಚಕ್ಕೆಯನ್ನೇ ಎಬ್ಬಿಸುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ. ಸರ್ ಅಂದರೆ ಸರಿ, ಕರ್ ಅಂದರೆ ತಿರುಗಿಸಿ.

ಕುತ್ತಿಗೆ ಮತ್ತು ತಲೆ ಸೇರಿ ಒಂದು ತುಂಡು. ಎಳೆ ಹಣೆಯಿಂದ ಮೂತಿಯ ಕಡೆಗೆ. ಎದುರಿನಿಂದ ನೋಡಿದರೆ ಹಣೆ ಅಗಲ, ಕಣ್ಣಿನ ಕೆಳಗೆ ಸಣ್ಣಗಾಗುತ್ತಾ ಬಂದು ಮೂತಿಯ ಹತ್ತಿರ ಮತ್ತೆ ಸ್ವಲ್ಪ ಅಗಲ. ಈ "ಮತ್ತೆ ಸ್ವಲ್ಪ ಅಗಲ" ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಮೂತಿ ಚೂಪಾಗಿ ಮುಗಿದರೆ ಅದು ನರಿ. ಮೂತಿಯ ತುದಿ ಚಪ್ಪಟೆಯಾಗಿರಲಿ, ಡೊಂಕು ಉಳಿಯಿಂದ ಎರಡು ಮೂಗಿನ ಹೊಳ್ಳೆ ಒತ್ತಿ. ಕಣ್ಣು ಕೆತ್ತಬೇಡಿ. ಕಣ್ಣಿನ ಜಾಗದಲ್ಲಿ ಸಣ್ಣ ಉಬ್ಬು ಬಿಡಿ ಸಾಕು, ಉಳಿದದ್ದು ಕುಂಚದ ಕೆಲಸ.

ಎತ್ತು ಜೋಡಿಯಾಗಿದ್ದರೇ ಚೆಂದ. ಎರಡನ್ನೂ ಒಟ್ಟಿಗೆ ಶುರು ಮಾಡಿ, ಎಂಟು ಕಾಲಿಗೂ ಒಟ್ಟಿಗೆ ಕಡ್ಡಿ ಕತ್ತರಿಸಿ. ಒಂದರ ಕುತ್ತಿಗೆಯನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಒಂಚೂರು ತಿರುಗಿಸಿ ಅಂಟಿಸಿದರೆ ಜೀವ ಬರುತ್ತದೆ.

ಕಾಲು, ಕೋಡು

ಕಾಲಿಗೆ ಮುಕ್ಕಾಲು ಇಂಚಿನ ಕಡ್ಡಿ, ಎಳೆ ಮೇಲಿಂದ ಕೆಳಕ್ಕೆ. ಮೈಗೆ ಸೇರುವ ಕಡೆ ದಪ್ಪ, ಮೊಣಕಾಲಿನ ಕೆಳಗೆ ಸಣ್ಣ, ಗೊರಸಿನ ಹತ್ತಿರ ಮತ್ತೆ ದಪ್ಪ. ಕಾಲಿಗೂ ಮೈಗೂ ಎದುರುಬದುರು ತೂತು ಕೊರೆದು, ಬಿದಿರಿನ ಕಡ್ಡಿ ತೂರಿಸಿ, ಅಂಟು ಹಾಕಿ ಕೂರಿಸಿ. ಬರೀ ಅಂಟು ಸಾಕಾಗುವುದಿಲ್ಲ. ಕಬ್ಬಿಣದ ಮೊಳೆಯಂತೂ ಹೊಡೆಯಲೇಬೇಡಿ. ಒದ್ದೆ ಮೆತ್ತು ಮೇಲೆ ಬಂದಾಗ ತುಕ್ಕು ಹಿಡಿದು ಬಿಳಿ ಬಣ್ಣದ ಮೇಲೆ ಕಂದು ಕಲೆ ಎದ್ದೇಳುತ್ತದೆ.

ನಾಲ್ಕು ಕಾಲೂ ಒಂದೇ ಅಳತೆಗೆ ಕತ್ತರಿಸಿದರೂ ಎತ್ತು ಅಲುಗಾಡುತ್ತದೆ. ಯಾವ ಬಡಿಗ ಮಾಡಿದರೂ ಅಷ್ಟೇ. ಒಂದೊಂದೇ ಕಾಲು ತೇಯುತ್ತಾ ಹೋದರೆ ಕೊನೆಗೆ ಎತ್ತಿಗೆ ಕಾಲೇ ಉಳಿಯುವುದಿಲ್ಲ. ಹೀಗೆ ಮಾಡಿ: ಎತ್ತನ್ನು ಗಾಜಿನ ಮೇಲೆ ನಿಲ್ಲಿಸಿ. ಗಿಡ್ಡ ಕಾಲಿನ ಕೆಳಗೆ ರಟ್ಟಿನ ಚೂರು ತುರುಕಿ, ಬೆನ್ನು ಸರಿಯಾಗಿ ನಿಲ್ಲುವ ತನಕ. ಒಂದು ತೆಳು ಮರದ ಪಟ್ಟಿಯನ್ನು ಗಾಜಿನ ಮೇಲೆ ಮಲಗಿಸಿ, ಅದರ ಮೇಲೆ ಪೆನ್ಸಿಲ್ ಅಡ್ಡ ಇಟ್ಟು, ಎರಡನ್ನೂ ಒಟ್ಟಿಗೆ ಜಾರಿಸುತ್ತಾ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಗರಗಸ ಹಾಕಿ. ಒಂದೇ ಸಲಕ್ಕೆ ನಿಲ್ಲುತ್ತದೆ. ಕುರ್ಚಿ, ಸ್ಟೂಲಿಗೂ ನಾನು ಇದನ್ನೇ ಮಾಡುವುದು.

ಕೋಡನ್ನು ಹಲಗೆಯಿಂದ ಬಾಗಿಸಿ ಕತ್ತರಿಸಬೇಡಿ, ಬಾಗಿದ ಕಡೆ ಎಳೆ ತುಂಡಾಗುತ್ತದೆ. ಹಿತ್ತಲಿಗೆ ಹೋಗಿ. ಪೇರಲ ಅಥವಾ ಬೇವಿನ ಗಿಡದಲ್ಲಿ ತಾನಾಗೇ ಬಾಗಿದ ಸಣ್ಣ ಕೊಂಬೆ ಹುಡುಕಿ. ಅದರ ಎಳೆ ಬಾಗಿನ ಜೊತೆಗೇ ಬಾಗಿರುತ್ತದೆ. ಒಣಗಿಸಿ, ಸಿಪ್ಪೆ ಹೆರೆದು, ತುದಿ ಚೂಪು ಮಾಡಿ, ಹಣೆಯ ತೂತಿಗೆ ಕೂರಿಸಿ. ಜೋಡಿ ಹೊಂದುವ ಎರಡು ಕೊಂಬೆ ಸಿಗುವುದಕ್ಕೆ ಹುಡುಕಾಟ ಜಾಸ್ತಿ, ಆದರೆ ಆ ಕೋಡು ಮಕ್ಕಳು ಎಳೆದಾಡಿದರೂ ಮುರಿಯದು.

ಹುಣಸೆ ಬೀಜದ ಅಂಟು ಮತ್ತು ಕಿಟ್ಟ

ಕಂಬಳಿ ನೇಯುವವರು ನೂಲಿಗೆ ಹಾಕುವ ಸರಿ ಗೊತ್ತಲ್ವಾ? ಅದೇ ಹುಣಸೆ ಬೀಜದ ಅಂಟು. ಬೀಜವನ್ನು ಬಾಣಲೆಯಲ್ಲಿ ಸಿಪ್ಪೆ ಸಿಡಿಯುವ ತನಕ ಹುರಿಯಿರಿ. ಆರಿದ ಮೇಲೆ ಕುಟ್ಟಿ, ಕೆಂಪು ಸಿಪ್ಪೆ ಕೇರಿ ತೆಗೆಯಿರಿ. ಬಿಳಿ ಬೇಳೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ನುಣ್ಣಗೆ ರುಬ್ಬಿ. ಒಳಕಲ್ಲು ಇದ್ದರೆ ಒಳ್ಳೆಯದು. ಮನೆಯಾಕೆಯ ಹೊಸ ಮಿಕ್ಸಿ ಮುಟ್ಟಬೇಡಿ, ಆ ಜಿಗಟು ಬೇಗ ಬಿಡುವುದಿಲ್ಲ. ಒಂದು ಬಟ್ಟಲು ರುಬ್ಬಿದ್ದಕ್ಕೆ ಆರೇಳು ಬಟ್ಟಲು ನೀರು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಗಂಟಾದರೆ ಬಟ್ಟೆಯಲ್ಲಿ ಸೋಸಿ. ಎರಡು ಬೆರಳ ನಡುವೆ ಹಿಡಿದು ಬಿಟ್ಟರೆ ದಾರ ಬರಬೇಕು.

ಈ ಅಂಟು ಎರಡು ಮೂರು ದಿನಕ್ಕೆ ಹುಳಿ ಬರುತ್ತದೆ, ಇರುವೆ, ಜಿರಲೆ, ಇಲಿ ಎಲ್ಲಕ್ಕೂ ಇಷ್ಟ. ಚಿಟಿಕೆ ಮೈಲುತುತ್ತ ಹಾಕಿದರೆ ತಡೆಯುತ್ತದೆ. ಅದು ವಿಷ. ಅಡುಗೆ ಪಾತ್ರೆಯಲ್ಲಿ ಮಾಡಬೇಡಿ, ಕೈಗವಸು ಹಾಕಿಕೊಳ್ಳಿ. ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಕ್ಕಳಿರುವ ಮನೆಗೆ ಮೈಲುತುತ್ತ ಬೇಡವೇ ಬೇಡ. ಬೇಕಾದಷ್ಟೇ ಅಂಟು ಮಾಡಿ, ಹುಳಿ ಬಂದರೆ ಚೆಲ್ಲಿ.

ಕಿಟ್ಟ ಅಂದರೆ ಮೆತ್ತು. ಗೋಣಿಚೀಲದ ನಾರನ್ನು ನೆನೆಸಿ, ಒಣಗಿಸಿ, ಸಣ್ಣಗೆ ಕತ್ತರಿಸಿ ಪುಡಿ ಮಾಡಿ. ಅದಕ್ಕೆ ಜರಡಿ ಹಿಡಿದ ಮರದ ಹೊಟ್ಟು ಸೇರಿಸಿ, ಹುಣಸೆ ಅಂಟಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಮೊದಲು ಸಂದುಗಳಿಗೆ ತುಂಬಿ: ಕಾಲು ಮೈ ಸೇರುವಲ್ಲಿ, ಕುತ್ತಿಗೆಯ ಸುತ್ತ, ಕೋಡಿನ ಬುಡದಲ್ಲಿ. ಆಮೇಲೆ ಇಡೀ ಮೈಗೆ ತೆಳ್ಳಗೆ, ಎರಡು ಮಿಲಿಮೀಟರ್ ಮೀರದ ಹಾಗೆ. ಇಣಿಯನ್ನು ಮರದಲ್ಲಿ ಪೂರ್ತಿ ಕೆತ್ತುವ ಕಷ್ಟ ಬೇಡ. ಸಣ್ಣ ಮರದ ಚೂರು ಅಂಟಿಸಿ ಮೇಲೆ ಕಿಟ್ಟ ಕಟ್ಟಿ. ಗಂಗೆದೊಗಲಿಗೆ ಅಂಟಿನಲ್ಲಿ ಅದ್ದಿದ ಬಟ್ಟೆಯನ್ನು ಮಡಿಸಿ ಕತ್ತಿನ ಕೆಳಗೆ ಇಳಿಬಿಡಿ, ಅದರ ನೆರಿಗೆಯೇ ತೊಗಲಿನ ನೆರಿಗೆ ಆಗುತ್ತದೆ. ಕಿವಿಯೂ ಬಟ್ಟೆಯದೇ, ಎರಡು ಪದರ. ಬಾಲ ಸೆಣಬಿನ ಹುರಿ, ಹಿಂಗಾಲಿಗೆ ತಾಗಿಸಿ ಅಂಟಿಸಿ. ಗಾಳಿಯಲ್ಲಿ ಬಿಟ್ಟರೆ ಒಂದು ದಿನ ಯಾರೋ ಅದನ್ನೇ ಹಿಡಿದು ಎತ್ತುತ್ತಾರೆ.

ಕಿಟ್ಟ ಹಸಿ ಇರುವಾಗಲೇ ಅದರ ಮೇಲೆ ಹಳೆಯ ಧೋತರದ ಚೂರುಗಳನ್ನು ಹುಣಸೆ ಅಂಟಿನಲ್ಲಿ ಮೆತ್ತಿಸಿ. ಎರಡು ಬೆರಳಗಲದ ಚೂರು ಸಾಕು. ಕತ್ತರಿ ಹಾಕಬೇಡಿ, ಕೈಯಲ್ಲಿ ಹರಿಯಿರಿ. ಕತ್ತರಿಸಿದ ಅಂಚು ಬಣ್ಣದ ಕೆಳಗೂ ಗೆರೆಯಾಗಿ ಕಾಣುತ್ತದೆ, ಹರಿದ ಅಂಚು ಕರಗಿಹೋಗುತ್ತದೆ. ಈ ಬಟ್ಟೆಯೇ ಎಲ್ಲವನ್ನೂ ಹಿಡಿದಿಡುವುದು. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದರೂ ಮೇಲಿನ ಬಣ್ಣ ಬಿರಿಯದಿರುವುದು ಇದರಿಂದ.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬರುತ್ತದೆ. ದೀಪಾವಳಿಯಿಂದ ಯುಗಾದಿಯ ತನಕ ಈ ಕೆಲಸಕ್ಕೆ ಹದವಾದ ಕಾಲ. ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಆಗ ಸುಮ್ನೆ ಕಾಲು, ಕೋಡು ಕೆತ್ತಿ ಇಟ್ಟುಕೊಳ್ಳಿ.

ಬಿಳಿ, ಆಮೇಲೆ ಬಣ್ಣ

ಕಿನ್ನಾಳದಲ್ಲಿ ಬಿಳಿ ಕಲ್ಲನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ನಿಮಗೆ ಪೇಂಟ್ ಅಂಗಡಿಯ ಚಾಕ್ ಪೌಡರ್ ಸಾಕು. ರಂಗೋಲಿ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದರೂ ಆದೀತು. ಬ್ರಶ್ ಎತ್ತಿದರೆ ತೊಟ್ಟಿಕ್ಕುವಷ್ಟು ತೆಳು ಇರಲಿ. ದಪ್ಪ ಒಂದು ಕೋಟ್ ಬೇಡ, ತೆಳ್ಳನೆಯದು ಮೂರು. ಪ್ರತಿ ಕೋಟ್ ಒಣಗಿದ ಮೇಲೆ 150 ನಂಬರಿನ ಪಾಲಿಶ್ ಪೇಪರ್, ಕೊನೆಗೆ 220. ಧೂಳು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಒಡವೆ ಬಣ್ಣದಲ್ಲಿ ಬರೆಯುವುದಲ್ಲ, ಉಬ್ಬಿಸುವುದು. ಅದೇ ಬಿಳಿ ಮಿಶ್ರಣವನ್ನು ಗಟ್ಟಿಯಾಗಿ ಕಲಸಿ ಮೆಹಂದಿ ಕೋನ್‌ನಲ್ಲಿ ತುಂಬಿ. ಗೆಜ್ಜೆಸರಕ್ಕೆ ಚುಕ್ಕೆ ಚುಕ್ಕೆ, ಹಣೆಪಟ್ಟಿಗೆ ಎರಡು ಗೆರೆ, ಝೂಲಿನ ಅಂಚಿಗೆ ಬಳ್ಳಿ, ಕೋಡಿನ ತುದಿಗೆ ಕೋಡಣಸು. ಮೊದಲು ಹಲಗೆಯ ಮೇಲೆ ಕೈ ಪಳಗಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈ ಕೆಲಸ ಮಗಳದು. ಹಬ್ಬಕ್ಕೆ ಬೀದಿಯವರ ಕೈಗೆಲ್ಲ ಮೆಹಂದಿ ಹಾಕಿದ ಕೈ, ನನಗಿಂತ ಎಷ್ಟೋ ವಾಸಿ.

ಕಿನ್ನಾಳದ ಹಳೆಯ ವಾಹನಗಳಲ್ಲಿ ಕಾಣುವ ಹೊಳಪಿಗೆ ಲಾಜವರ ಅನ್ನುತ್ತಾರೆ. ತವರವನ್ನು ಅರೆದು ಅಂಟಿನಲ್ಲಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜುತ್ತಾರೆ, ಬೆಳ್ಳಿ ಆಗುತ್ತದೆ. ಅದರ ಮೇಲೆ ಹಳದಿ ಮೆರುಗು ಕೊಟ್ಟರೆ ಬಂಗಾರ. ಅದನ್ನು ಓದಿ ಕಲಿಯಲು ಆಗುವುದಿಲ್ಲ, ಅವರ ಹತ್ತಿರವೇ ಕೂರಬೇಕು. ನಾವು ಪೇಂಟ್ ಅಂಗಡಿಯ ಗೋಲ್ಡ್ ಬಣ್ಣ ಹಚ್ಚೋಣ.

ಮೈಗೆ ಬಿಳಿ ಅಥವಾ ತಿಳಿ ಹಳದಿ, ಝೂಲಿಗೆ ಕೆಂಪು, ಅಂಚಿಗೆ ಹಸಿರು, ಕೋಡಿಗೆ ನಿಮಗೆ ಇಷ್ಟ ಬಂದದ್ದು. ಬಣ್ಣ ಎದ್ದು ಕಾಣಲಿ, ನಾಚಿಕೊಳ್ಳಬೇಡಿ. ನೀರಿನಲ್ಲಿ ಕರಗುವ ಅಕ್ರಿಲಿಕ್ ಒಳ್ಳೆಯದು. ಪೋಸ್ಟರ್ ಬಣ್ಣ ಹಚ್ಚಿದರೆ ಒದ್ದೆ ಕೈ ತಾಗಿದಾಗ ಬಿಡುತ್ತದೆ, ಮೇಲೆ ವಾರ್ನಿಶ್ ಬೇಕೇ ಬೇಕು. ವಾರ್ನಿಶ್ ತೆಳ್ಳಗಿರಲಿ. ಪಳಪಳ ಹೊಳೆಯುವಷ್ಟು ಬಳಿದರೆ ಪ್ಲಾಸ್ಟಿಕ್ ಗೊಂಬೆ ಅಂದುಕೊಳ್ಳುತ್ತಾರೆ.

ಕಣ್ಣು ಕೊನೆಗೆ. ದೇವರ ಮೂರ್ತಿಗೂ ಅದೇ ಕ್ರಮ. ಬಿಳಿ, ಅದರೊಳಗೆ ದೊಡ್ಡ ಕಪ್ಪು ಗುಡ್ಡೆ, ಅದರಲ್ಲಿ ಮೇಲ್ಭಾಗಕ್ಕೆ ಒಂದು ಬಿಳಿ ಚುಕ್ಕೆ. ಎರಡೂ ಕಣ್ಣಿನ ಚುಕ್ಕೆ ಒಂದೇ ಜಾಗದಲ್ಲಿರಲಿ, ಇಲ್ಲದಿದ್ದರೆ ಮೆಳ್ಳೆಗಣ್ಣು. ಕಣ್ಣಿನ ಸುತ್ತ ಕಾಡಿಗೆಯ ಗೆರೆ ಎಳೆದು ಹಿಂದಕ್ಕೆ ಸ್ವಲ್ಪ ಚಾಚಿ.

ಮಾರುವ ಆಸೆ ಇದ್ದರೆ ಒಂದು ಮಾತು. ಕಿನ್ನಾಳ ಗೊಂಬೆಗೆ ಜಿಐ ಗುರುತು ಇದೆ, ಅಂದರೆ ಆ ಹೆಸರು ಆ ಊರಿನ ಕೆಲಸಕ್ಕೇ ಮೀಸಲು. ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿದ್ದನ್ನು ಆ ಹೆಸರಲ್ಲಿ ಮಾರುವ ಹಾಗಿಲ್ಲ. ಅಲ್ಲಿನದನ್ನು ನೋಡಿ ಮಾಡಿದ್ದು ಅಂತ ಹೇಳಿ. ಕೇಳಿದವರಿಗೆ ಕಿನ್ನಾಳದ ದಾರಿಯನ್ನೂ ಹೇಳಿ, ಕೊಪ್ಪಳದಿಂದ ಬಸ್ಸು ಇದೆ.